ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಪಾಠದಾಚೆಯ ಕಲಿಕೆ: ಯಾವುದು ಫಲ ಕೊಡುತ್ತದೆ, ಯಾಕೆ?

ಗಣಿತದ ಅತಿ ದೊಡ್ಡ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕವನ್ನು ಮೊದಲ ಬಾರಿಗೆ ಒಬ್ಬ ಮಹಿಳೆ ಪಡೆದದ್ದು 2014ರಲ್ಲಿ. ಅವರ ಹೆಸರು ಮರಿಯಂ ಮಿರ್ಜಾಖಾನಿ. ಓದಿದ್ದು ಟೆಹ್ರಾನಿನ ಫರ್ಜಾನೆಗಾನ್ ಎಂಬ ಹೆಣ್ಣುಮಕ್ಕಳ ಶಾಲೆಯಲ್ಲಿ. ಅಲ್ಲಿ ಅವರಿಗೂ ಗೆಳತಿ ರೋಯಾ ಬೆಹೆಷ್ತಿಗೂ ಒಮ್ಮೆ ಇನ್ಫರ್ಮ್ಯಾಟಿಕ್ಸ್ (ಕಂಪ್ಯೂಟರ್ ವಿಜ್ಞಾನ) ಸ್ಪರ್ಧೆಯ ಪ್ರಶ್ನೆಪತ್ರಿಕೆ ಸಿಕ್ಕಿತು. ಇಬ್ಬರೂ ದಿನಗಟ್ಟಲೆ ಕೂತು ಅದರ ಆರು ಪ್ರಶ್ನೆಗಳಲ್ಲಿ ಮೂರನ್ನು ಬಿಡಿಸಿದರು. ಸ್ಪರ್ಧೆಯಲ್ಲಿ ಅದಕ್ಕಿದ್ದ ಸಮಯ ಮೂರೇ ಗಂಟೆ. ಆದರೆ ಇಬ್ಬರಿಗೂ ತಾವು ಹಿಂದೆ ಬಿದ್ದೆವು ಅನ್ನಿಸಲಿಲ್ಲ. ನಮ್ಮ ಕೈಲೂ ಆಗುತ್ತದೆ ಅನ್ನಿಸಿತು. ನೇರ ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ, ಹುಡುಗರ ಶಾಲೆಯಲ್ಲಿ ನಡೆಯುವಂಥ ಲೆಕ್ಕ ಬಿಡಿಸುವ ತರಗತಿ ನಮಗೂ ಬೇಕು ಎಂದು ಕೇಳಿದರು.

ಆಗ ಇರಾನಿನ ಗಣಿತ ಒಲಿಂಪಿಯಾಡ್ ತಂಡದಲ್ಲಿ ಒಬ್ಬ ಹುಡುಗಿಯೂ ಆಡಿದ್ದಿಲ್ಲ. ಆದರೂ ಮುಖ್ಯೋಪಾಧ್ಯಾಯಿನಿ ಒಪ್ಪಿಕೊಂಡು ತರಗತಿ ಶುರು ಮಾಡಿಸಿದರು. 1994ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ಮಿರ್ಜಾಖಾನಿಗೆ 42ಕ್ಕೆ 41 ಅಂಕ, ಚಿನ್ನದ ಪದಕ. ಮರುವರ್ಷ ಟೊರಾಂಟೋದಲ್ಲಿ 42ಕ್ಕೆ 42.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಪದಕವಲ್ಲ. ಇಬ್ಬರು ಹುಡುಗಿಯರು ಕೇಳಿದರು. ಕೇಳಿದ್ದನ್ನು ಒಬ್ಬ ಹಿರಿಯರು ಗಂಭೀರವಾಗಿ ತೆಗೆದುಕೊಂಡರು. ಅದಕ್ಕೆ ಟೈಮ್‌ಟೇಬಲ್‌ನಲ್ಲಿ ಜಾಗ ಸಿಕ್ಕಿತು, ಕಲಿಸಲು ವಿಷಯ ಬಲ್ಲ ಮೇಷ್ಟರು ಸಿಕ್ಕರು. ಪಾಠದಾಚೆಯ ಕಲಿಕೆ ಯಾವಾಗ ಫಲ ಕೊಡುತ್ತದೆ ಎಂಬ ಪ್ರಶ್ನೆಗೆ ಬೇಕಾದ ಉತ್ತರದ ಬಹುಪಾಲು ಇಲ್ಲೇ ಇದೆ. ಇನ್ನೊಂದು ವಿವರವನ್ನೂ ಸೇರಿಸಬೇಕು. ಇದೇ ಹುಡುಗಿ ಆ ಶಾಲೆಗೆ ಸೇರಿದ ಮೊದಲ ವರ್ಷ ಗಣಿತದಲ್ಲಿ ಹಿಂದಿದ್ದಳು. ಆಗಿನ ಶಿಕ್ಷಕಿಗೆ ಇವಳಲ್ಲಿ ಅಂಥ ಪ್ರತಿಭೆ ಇದೆ ಅನ್ನಿಸಿರಲಿಲ್ಲ. ಅವಳಿಗೂ ಲೆಕ್ಕ ಬೇಡವಾಗಿತ್ತು. ಎರಡನೇ ವರ್ಷ ಬೇರೆ ಶಿಕ್ಷಕರು ಬಂದು ಹುರಿದುಂಬಿಸಿದ ಮೇಲೆ ಎಲ್ಲ ಬದಲಾಯಿತು. ಜಾಣೆಯರನ್ನು ಮೊದಲೇ ಆರಿಸಿ, ಅವರಿಗೆ ಮಾತ್ರ ವಿಶೇಷ ತರಗತಿ ಎಂಬ ನಿಯಮ ಆ ಮೊದಲ ವರ್ಷವೇ ಜಾರಿಯಾಗಿದ್ದರೆ ಮಿರ್ಜಾಖಾನಿ ಹೊರಗೇ ಉಳಿಯುತ್ತಿದ್ದರು.

ಮೂರು ಮೆಟ್ಟಿಲು

ಶಾಲೆಗಳು ತಮ್ಮ ಚಟುವಟಿಕೆಗಳ ಪಟ್ಟಿ ಕೊಡುವಾಗ ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ವಿಜ್ಞಾನ ಕ್ಲಬ್, ಚರ್ಚಾಸ್ಪರ್ಧೆ, ಪ್ರವಾಸ, ನಾಟಕ, ರೋಬೋಟಿಕ್ಸ್, ತೋಟಗಾರಿಕೆ, ಅತಿಥಿ ಉಪನ್ಯಾಸ, ಕ್ರೀಡೆ. ಪಟ್ಟಿ ಉದ್ದ ಇದ್ದಷ್ಟೂ ಶಾಲೆ ಒಳ್ಳೆಯದು ಎಂದು ನಾವೂ ನಂಬಿಬಿಡುತ್ತೇವೆ. ಆದರೆ ಒಂದು ಗಂಟೆಯ ಉಪನ್ಯಾಸಕ್ಕೂ ಒಂದು ವರ್ಷದ ನಾಟಕ ತಯಾರಿಗೂ ಹೋಲಿಕೆಯೇ ಇಲ್ಲ. ಇವುಗಳನ್ನು ಬೇರೆ ಬೇರೆಯಾಗಿ ನೋಡಲು ಅಮೆರಿಕದ ಶಿಕ್ಷಣ ಸಂಶೋಧಕ ಜೋಸೆಫ್ ರೆಂಜುಲಿ 1977ರಲ್ಲಿ ಒಂದು ವಿಂಗಡಣೆ ಕೊಟ್ಟರು. ಹಳೆಯದಾದರೂ ಅದಕ್ಕಿಂತ ಸರಳವಾದದ್ದು ನನಗೆ ಸಿಕ್ಕಿಲ್ಲ.

ಮೊದಲನೆಯದು ಪರಿಚಯ. ಮಕ್ಕಳಿಗೆ ಇಂಥದ್ದೊಂದು ವಿಷಯ ಇದೆ ಎಂದು ತೋರಿಸುವುದು. ಎರಡನೆಯದು ಕೈಚಳಕ. ಆ ವಿಷಯದಲ್ಲಿ ಕೆಲಸ ಮಾಡಲು ಬೇಕಾದ ವಿಧಾನಗಳನ್ನು ಕಲಿಸುವುದು. ಮೂರನೆಯದು ಸ್ವಂತ ಶೋಧ. ಉತ್ತರ ಯಾರಿಗೂ ಮೊದಲೇ ಗೊತ್ತಿಲ್ಲದ ಪ್ರಶ್ನೆಯನ್ನು ಮಕ್ಕಳೇ ಹಿಡಿದು, ಸಿಕ್ಕ ಉತ್ತರವನ್ನು ಅದು ಬೇಕಾದವರಿಗೆ ಒಪ್ಪಿಸುವುದು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ವಿಷಯ: ಸದ್ದು. ಧ್ವನಿಯ ಬಗ್ಗೆ ಕೆಲಸ ಮಾಡುವ ಎಂಜಿನಿಯರ್ ಒಬ್ಬರು ಶಾಲೆಗೆ ಬಂದು ಮಾತಾಡಿದರು. ಇದು ಪರಿಚಯ. ನಂತರ ಹುಡುಗಿಯರು ಸದ್ದನ್ನು ಅಳೆಯುವುದು ಹೇಗೆ, ಒಂದೇ ಜಾಗದಲ್ಲಿ ಹಲವು ಸಲ ಅಳೆದು ಸರಾಸರಿ ತೆಗೆಯುವುದು ಯಾಕೆ, ಗ್ರಾಫ್ ಹಾಕುವುದು ಹೇಗೆ ಎಂದು ಕಲಿತರು. ಡೆಸಿಬೆಲ್ ಅಂದರೆ ಸಾಮಾನ್ಯ ಅಳತೆಪಟ್ಟಿಯಂತಲ್ಲ, 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ ಎಂಬುದು ಅರ್ಥವಾಯಿತು. ಲಾಗರಿದಮ್ ಯಾತಕ್ಕೆ ಬೇಕು ಎಂದು ಗಣಿತದ ಪೀರಿಯಡ್‌ನಲ್ಲಿ ಯಾರೂ ಕೇಳದ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ಇದು ಎರಡನೇ ಮೆಟ್ಟಿಲು. ಆಮೇಲೆ ಅವರೇ ತಮ್ಮ ಶಾಲೆಯ ಪ್ರತಿ ಕೋಣೆಯಲ್ಲೂ, ದಿನದ ಬೇರೆ ಬೇರೆ ಹೊತ್ತಿನಲ್ಲಿ ಸದ್ದು ಅಳೆದರು. ವಿಶ್ವ ಆರೋಗ್ಯ ಸಂಸ್ಥೆ 1999ರ ತನ್ನ ಮಾರ್ಗಸೂಚಿಯಲ್ಲಿ ತರಗತಿಯೊಳಗೆ ಪಾಠ ನಡೆಯುವಾಗ ಹಿನ್ನೆಲೆಯ ಸದ್ದು 35 ಡೆಸಿಬೆಲ್ ದಾಟಬಾರದು ಎಂದಿದೆ. ನಮ್ಮ ಯಾವ ಕೋಣೆ ಅದರೊಳಗಿದೆ? ಕಿಟಕಿ ಮುಚ್ಚಿದರೆ ಎಷ್ಟು ಇಳಿಯುತ್ತದೆ? ಹಿಂದಿನ ಬೆಂಚಿನವರಿಗೆ ಟೀಚರ್ ಮಾತು ನಿಜಕ್ಕೂ ಕೇಳುತ್ತಾ? ಲೆಕ್ಕ ಮುಗಿಸಿ, ಯಾವ ತರಗತಿಯನ್ನು ಯಾವ ಕೋಣೆಗೆ ಬದಲಾಯಿಸಬೇಕು ಎಂದು ಮುಖ್ಯೋಪಾಧ್ಯಾಯಿನಿಗೆ ವರದಿ ಕೊಟ್ಟರು. ಇದು ಮೂರನೆಯದು.

ನೋಡಿ, ಮೂರನೇ ಮೆಟ್ಟಿಲಿಗೆ ಬಂದಾಗ ಹುಡುಗಿಯ ಜಾಗವೇ ಬದಲಾಗುತ್ತದೆ. ಅಲ್ಲಿಯವರೆಗೆ ಅವಳು ಬರೀ ಕೇಳುವವಳು. ಈಗ ಶಾಲೆಯಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಗೊತ್ತಿದೆ. ಅಳತೆ ತಪ್ಪಾದರೆ ಅಂಕ ಕಳೆಯುವವರಿಲ್ಲ, ಆದರೆ ವರದಿ ತಪ್ಪಾಗುತ್ತದೆ. ಹಾಗಾಗಿ ಯಾರೂ ಹೇಳದೆಯೇ ಮತ್ತೊಮ್ಮೆ ಅಳೆಯುತ್ತಾಳೆ.

ಬಹಳಷ್ಟು ಶಾಲೆಗಳು ಮೊದಲ ಮೆಟ್ಟಿಲಿನಲ್ಲೇ ನಿಂತಿರುತ್ತವೆ. ಉಪನ್ಯಾಸ, ಭೇಟಿ, ಒಂದು ದಿನದ ಶಿಬಿರ. ಅವು ಬೇಡ ಅಂತಲ್ಲ. ನೋಡದೇ ಇರುವ ವಿಷಯದ ಮೇಲೆ ಆಸೆ ಹುಟ್ಟುವುದಿಲ್ಲವಲ್ಲ. ಆದರೆ ಆಸೆ ಹುಟ್ಟಿದ ಮರುದಿನ ಹುಡುಗಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಶಾಲೆಯ ಬಳಿ ಉತ್ತರ ಇರಬೇಕು.

ಚೆಸ್ ಆಡಿದರೆ ಗಣಿತ ಬರುತ್ತದೆಯೇ?

ಚಟುವಟಿಕೆಗಳ ಬಗ್ಗೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲೇ. ಚೆಸ್‌ನಿಂದ ಗಣಿತ ಸುಧಾರಿಸುತ್ತದೆ, ಸಂಗೀತದಿಂದ ಬುದ್ಧಿ ಚುರುಕಾಗುತ್ತದೆ, ಕೋಡಿಂಗ್ ಕಲಿತರೆ ತರ್ಕಬದ್ಧವಾಗಿ ಯೋಚಿಸಲು ಬರುತ್ತದೆ. ಕೇಳಲು ಸರಿ ಅನ್ನಿಸುತ್ತದೆ. ಪೋಷಕರನ್ನು ಒಪ್ಪಿಸಲೂ ಸುಲಭ.

ಇಂಗ್ಲೆಂಡಿನಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿ ನೋಡಿದರು. 100 ಪ್ರಾಥಮಿಕ ಶಾಲೆಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳಿಗೆ ಶಾಲೆಯ ಹೊತ್ತಿನಲ್ಲೇ ಸುಮಾರು 30 ಗಂಟೆಗಳ ಚೆಸ್ ಪಾಠ. ಇನ್ನೊಂದು ಗುಂಪಿಗೆ ಎಂದಿನ ಪಾಠ. ಒಂದು ವರ್ಷದ ನಂತರ ಗಣಿತದ ಪರೀಕ್ಷೆಯಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ಪ್ರಕಟವಾದ ವರದಿ ಇದು. ಅಷ್ಟಕ್ಕೂ ಈ ಮಾತು ಹೊಸದೇನಲ್ಲ. 1901ರಷ್ಟು ಹಿಂದೆಯೇ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ತೋರಿಸಿದ್ದರು. ಒಂದು ಕೆಲಸದಲ್ಲಿ ಪಳಗಿದ್ದು ಅದಕ್ಕೆ ಹೋಲುವ ಕೆಲಸಕ್ಕೆ ಸ್ವಲ್ಪ ಹರಿಯುತ್ತದೆ. ದೂರದ ಕೆಲಸಕ್ಕೆ ತಾನಾಗಿ ಹರಿಯುವುದಿಲ್ಲ.

ಹಾಗಾದರೆ ಚೆಸ್ ಕ್ಲಬ್ ಮುಚ್ಚಬೇಕೇ? ಖಂಡಿತ ಬೇಡ. ಚೆಸ್ ಚೆನ್ನಾಗಿದೆ, ಅದಕ್ಕೇ ಕಲಿಯಬೇಕು. ಸಂಗೀತ ಮನುಷ್ಯರ ಬದುಕಿಗೆ ಬೇಕು, ಅದಕ್ಕೇ ಹಾಡಬೇಕು. ಗಣಿತ ಸುಧಾರಿಸಬೇಕಾದರೆ ಗಣಿತವನ್ನೇ, ಇನ್ನೂ ಚೆಂದದ ರೀತಿಯಲ್ಲಿ, ಮಾಡಿಸಬೇಕು. ನಾಟಕಕ್ಕೋ ಸಂಗೀತಕ್ಕೋ ಪರೀಕ್ಷೆಯ ಅಂಕದ ಆಸರೆ ಕೊಟ್ಟರೆ, ನಾಳೆ ಅಂಕ ಬರದಿದ್ದಾಗ ಮೊದಲು ಹೋಗುವುದು ಅವೇ.

ಇದರ ಜೊತೆಗೆ ಇನ್ನೊಂದು ಎಚ್ಚರ. ನಮ್ಮ ವಿಜ್ಞಾನ ಕ್ಲಬ್ಬಿನ ಮಕ್ಕಳಿಗೇ ಜಾಸ್ತಿ ಅಂಕ ಬಂದಿದೆ ಎಂದು ಯಾರಾದರೂ ಹೇಳಿದರೆ ಒಂದು ಪ್ರಶ್ನೆ ಕೇಳಿ. ಕ್ಲಬ್ಬಿಗೆ ಸೇರುವ ಮೊದಲು ಅವರ ಅಂಕ ಎಷ್ಟಿತ್ತು? ಸಾಮಾನ್ಯವಾಗಿ ಇಂಥ ಕ್ಲಬ್ಬಿಗೆ ಸೇರುವವರು ಮೊದಲೇ ಚೆನ್ನಾಗಿ ಓದುತ್ತಿದ್ದವರು, ಮನೆಯಲ್ಲಿ ಪ್ರೋತ್ಸಾಹ ಇದ್ದವರು. ಕ್ಲಬ್ಬು ಅವರನ್ನು ಜಾಣೆಯರನ್ನಾಗಿ ಮಾಡಿತೋ, ಜಾಣೆಯರೇ ಕ್ಲಬ್ಬಿಗೆ ಬಂದರೋ? ಇಂಗ್ಲೆಂಡಿನ ಪ್ರಯೋಗದಲ್ಲಿ ಶಾಲೆಗಳನ್ನು ಚೀಟಿ ಎತ್ತಿ ಆರಿಸಿದ್ದು ಈ ಗೊಂದಲ ತಪ್ಪಿಸಲಿಕ್ಕೆ.

ಪಾಠಕ್ಕೆ ನೇರವಾಗಿ ನೆರವಾಗುವ ಚಟುವಟಿಕೆಗಳೂ ಇವೆ. ಅವು ನೋಡಲು ಅಷ್ಟು ಥಳಕಿನವಲ್ಲ, ಹಾಗಾಗಿ ಪಟ್ಟಿಯಲ್ಲಿ ಕೊನೆಗೆ ಬರುತ್ತವೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು ವಿದ್ಯಾರ್ಥಿಗಳಿಗೆ ಒಂದು ಬರಹ ಕೊಟ್ಟರು. ಕೆಲವರು ಅದನ್ನೇ ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ತಿರುಗುಮುರುಗಾಯಿತು. ನೆನಪಿನಿಂದ ಬರೆದವರು ಬಹಳ ಮುಂದೆ ಹೋಗಿದ್ದರು. ವಾರಕ್ಕೊಮ್ಮೆ ಹುಡುಗಿಯರೇ ಪ್ರಶ್ನೆ ಬರೆದು, ಒಬ್ಬರನ್ನೊಬ್ಬರು ಕೇಳುವ ಕ್ವಿಜ್ ಕೂಟಕ್ಕೆ ಖರ್ಚೇ ಇಲ್ಲ. ದೊಡ್ಡ ತರಗತಿಯವರು ಚಿಕ್ಕ ತರಗತಿಯವರಿಗೆ ಹೇಳಿಕೊಡುವುದೂ ಹಾಗೆಯೇ. ಇಂಥ ಕಾರ್ಯಕ್ರಮಗಳ ಬಗ್ಗೆ ನಡೆದ 65 ಅಧ್ಯಯನಗಳನ್ನು 1982ರಲ್ಲಿ ಒಟ್ಟಿಗೆ ಇಟ್ಟು ನೋಡಿದಾಗ, ಹೇಳಿಸಿಕೊಂಡವರ ಜೊತೆಗೆ ಹೇಳಿಕೊಟ್ಟವರೂ ಆ ವಿಷಯದಲ್ಲಿ ಸುಧಾರಿಸಿದ್ದು ಕಂಡುಬಂತು. ಇನ್ನೊಬ್ಬಳಿಗೆ ಅರ್ಥ ಮಾಡಿಸಲು ಹೊರಟಾಗಲೇ ನಮಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ಗೊತ್ತಾಗುವುದು, ಅಲ್ವಾ?

ಹೆಣ್ಣುಮಕ್ಕಳ ಶಾಲೆ ಅಂದಾಗ ಬದಲಾಗುವುದೇನು?

ಹುಡುಗಿಯರಷ್ಟೇ ಇದ್ದರೆ ಅವರು ತಾನಾಗಿ ಅರಳುತ್ತಾರೆ ಎಂಬ ನಂಬಿಕೆ ಇದೆ. 2014ರಲ್ಲಿ ಪಾಲ್ಕೆ, ಹೈಡ್ ಮತ್ತು ಆಲಿಸನ್ ಎಂಬ ಸಂಶೋಧಕಿಯರು 21 ದೇಶಗಳ 184 ಅಧ್ಯಯನಗಳನ್ನು, ಅಂದರೆ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು, ಒಟ್ಟು ಮಾಡಿ ನೋಡಿದರು. ಎಚ್ಚರಿಕೆಯಿಂದ ಮಾಡಿದ ಅಧ್ಯಯನಗಳನ್ನು ಮಾತ್ರ ತೆಗೆದುಕೊಂಡಾಗ, ಬರೀ ಹುಡುಗಿಯರ ಶಾಲೆ ಎಂಬ ಕಾರಣಕ್ಕೇ ಸಿಗುವ ಲಾಭ ಅತ್ಯಲ್ಪ, ಇಲ್ಲವೇ ಇಲ್ಲ. ಗೇಟಿನ ಮೇಲಿನ ಬೋರ್ಡ್ ಏನನ್ನೂ ಮಾಡುವುದಿಲ್ಲ. ಒಳಗೆ ಏನು ನಡೆಯುತ್ತದೆ ಎಂಬುದೇ ಲೆಕ್ಕಕ್ಕೆ ಬರುವುದು.

ಆದರೂ ಹೆಣ್ಣುಮಕ್ಕಳ ಶಾಲೆಗೆ ಒಂದು ಅವಕಾಶ ಇದೆ. ಅಲ್ಲಿ ಚರ್ಚೆಯ ನಾಯಕಿ ಹುಡುಗಿ, ಲ್ಯಾಬ್‌ನಲ್ಲಿ ತಂತಿ ಜೋಡಿಸುವವಳು ಹುಡುಗಿ, ಟಿಪ್ಪಣಿ ಬರೆದುಕೊಳ್ಳುವವಳೂ ಹುಡುಗಿ. ಯಾವ ಕೆಲಸವೂ ಇದು ನಿನ್ನದಲ್ಲ ಎಂದು ಕೈ ತಪ್ಪುವುದಿಲ್ಲ. ಈ ಅವಕಾಶವನ್ನು ಬಳಸಬೇಕಾದರೆ ಹುಡುಗಿಯರು ಶಾಲೆಗೆ ಬರುವಾಗ ಏನನ್ನು ಹೊತ್ತುಕೊಂಡು ಬಂದಿರುತ್ತಾರೆ ಎಂದು ತಿಳಿದಿರಬೇಕು.

ಅವರು ಹೊತ್ತು ತರುವ ಒಂದು ಅನುಮಾನ ತುಂಬಾ ಬೇಗ ಹುಟ್ಟುತ್ತದೆ. 2017ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲಿನ್ ಬಿಯಾನ್ ಮತ್ತು ಸಂಗಡಿಗರ ಅಧ್ಯಯನ ಬಂತು. ಐದು ವರ್ಷದ ಮಕ್ಕಳಿಗೆ, ತುಂಬಾ ತುಂಬಾ ಬುದ್ಧಿವಂತರ ಕಥೆಯೊಂದನ್ನು ಹೇಳಿ ಅದು ಯಾರ ಬಗ್ಗೆ ಎಂದು ಕೇಳಿದರೆ, ಹುಡುಗಿಯರು ಹೆಣ್ಣನ್ನೂ ಹುಡುಗರು ಗಂಡನ್ನೂ ತೋರಿಸುತ್ತಿದ್ದರು. ಆರು, ಏಳು ವರ್ಷಕ್ಕೆ ಬರುವಷ್ಟರಲ್ಲಿ ಹುಡುಗಿಯರು ಹೆಣ್ಣನ್ನು ತೋರಿಸುವುದು ಕಡಿಮೆಯಾಗಿತ್ತು. ಇದು ತುಂಬಾ ಬುದ್ಧಿವಂತರ ಆಟ ಎಂದು ಹೇಳಿದರೆ ಆಡಲು ಅವರಿಗೆ ಹುಡುಗರಷ್ಟು ಉತ್ಸಾಹ ಇರಲಿಲ್ಲ. ತುಂಬಾ ಶ್ರಮಪಡುವವರ ಆಟ ಎಂದರೆ ಆ ವ್ಯತ್ಯಾಸ ಇರಲಿಲ್ಲ.

ಪ್ರೌಢಶಾಲೆಗೆ ಬರುವಷ್ಟರಲ್ಲಿ ಈ ಅನುಮಾನಕ್ಕೆ ಏಳೆಂಟು ವರ್ಷ ವಯಸ್ಸಾಗಿರುತ್ತದೆ. ಹಾಗಾಗಿ ಒಂದು ಕ್ಲಬ್ಬಿಗೆ ಪ್ರತಿಭಾವಂತರ ಕೂಟ ಎಂದು ಹೆಸರಿಟ್ಟರೆ, ಬರಬೇಕಾದ ಎಷ್ಟೋ ಹುಡುಗಿಯರು ಬಾಗಿಲ ಬಳಿಯೇ ನಿಲ್ಲುತ್ತಾರೆ. ಕಷ್ಟದ ಲೆಕ್ಕಗಳ ಜೊತೆ ಸಮಯ ಕಳೆಯಲು ಇಷ್ಟ ಇರುವವರು ಬನ್ನಿ ಎಂದು ಕರೆದರೆ ಬರುವವರೇ ಬೇರೆ. ನೋಟಿಸ್ ಬೋರ್ಡಿನ ಒಂದು ಸಾಲು ಇಷ್ಟು ಮಾಡುತ್ತದೆ.

ಕಣ್ಣಿಗೆ ಬೀಳುವ ಮಾದರಿಗಳೂ ಅಷ್ಟೇ ಮುಖ್ಯ. 1983ರಲ್ಲಿ ಡೇವಿಡ್ ಚೇಂಬರ್ಸ್ ಪ್ರಕಟಿಸಿದ ಅಧ್ಯಯನದಲ್ಲಿ 4,807 ಮಕ್ಕಳು ವಿಜ್ಞಾನಿಯ ಚಿತ್ರ ಬಿಡಿಸಿದ್ದರು. ಅದರಲ್ಲಿ ಮಹಿಳಾ ವಿಜ್ಞಾನಿಯ ಚಿತ್ರ 28 ಮಾತ್ರ. ಬಿಡಿಸಿದವರೆಲ್ಲ ಹುಡುಗಿಯರೇ. ನಂತರದ ದಶಕಗಳಲ್ಲಿ ಈ ಲೆಕ್ಕ ಬಹಳ ಸುಧಾರಿಸಿದೆ ಎಂಬುದು ಸಮಾಧಾನದ ಮಾತು. ಆದರೆ ಮಕ್ಕಳು ದೊಡ್ಡವರಾದಂತೆ ಗಂಡು ವಿಜ್ಞಾನಿಯನ್ನೇ ಬಿಡಿಸುವುದು ಹೆಚ್ಚುತ್ತದೆ ಎಂಬುದೂ ನಿಜ. ಮಹಿಳಾ ವಿಜ್ಞಾನಿಯನ್ನು ವರ್ಷಕ್ಕೊಮ್ಮೆ ವೇದಿಕೆಗೆ ಕರೆದು ಹಾರ ಹಾಕಿ ಕಳಿಸಿದರೆ ಸಾಲದು. ಹುಡುಗಿಯರ ವರದಿಯನ್ನು ಓದಿ, ಇಲ್ಲಿ ಅಳತೆ ಸರಿಯಿಲ್ಲ ನೋಡು ಎಂದು ಹೇಳುವಷ್ಟು ಹತ್ತಿರ ಅವರು ಬರಬೇಕು. ಮೇರಿ ಕ್ಯೂರಿ 1900ರಿಂದ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿ, ಹೆಣ್ಣುಮಕ್ಕಳ ಪ್ರೌಢಶಾಲೆಗಳಿಗೆ ಶಿಕ್ಷಕಿಯರಾಗಲಿದ್ದ ಯುವತಿಯರಿಗೆ ಭೌತವಿಜ್ಞಾನ ಕಲಿಸಿದರು. ಅಲ್ಲಿ ಅವರು ತಂದ ದೊಡ್ಡ ಬದಲಾವಣೆ ಎಂದರೆ, ಪುಸ್ತಕದ ಪಾಠದ ಜೊತೆಗೆ ವಿದ್ಯಾರ್ಥಿನಿಯರ ಕೈಯಲ್ಲೇ ಪ್ರಯೋಗ ಮಾಡಿಸಿದ್ದು.

ಕೈಯಲ್ಲೇ ಮಾಡಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ, ಕತ್ತರಿಸಿದರೆ ಒಳಗೆ ಹೇಗೆ ಕಾಣುತ್ತದೆ ಎಂದು ಊಹಿಸುವ ಸಾಮರ್ಥ್ಯ ಎಂಜಿನಿಯರಿಂಗ್‌ಗೂ ರಸಾಯನಶಾಸ್ತ್ರಕ್ಕೂ ಶಸ್ತ್ರಚಿಕಿತ್ಸೆಗೂ ಬೇಕು. ಇದರ ಪರೀಕ್ಷೆಗಳಲ್ಲಿ ಹುಡುಗಿಯರ ಸರಾಸರಿ ಸ್ವಲ್ಪ ಹಿಂದೆ ಇರುತ್ತದೆ. ಇದು ಹುಟ್ಟಿನಿಂದ ಬಂದದ್ದು, ಏನೂ ಮಾಡಲಾಗದು ಎಂದು ಕೈಚೆಲ್ಲುವವರಿದ್ದಾರೆ. ಆದರೆ 2013ರಲ್ಲಿ 217 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಈ ಸಾಮರ್ಥ್ಯ ಅಭ್ಯಾಸದಿಂದ ಬೆಳೆಯುತ್ತದೆ, ಬೆಳೆದದ್ದು ಉಳಿಯುತ್ತದೆ ಎಂದು ಸ್ಪಷ್ಟವಾಯಿತು. ಅಮೆರಿಕದ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಶೆರಿಲ್ ಸೋರ್ಬಿ 1990ರ ದಶಕದಲ್ಲೇ ಇದಕ್ಕಾಗಿ ಒಂದು ಚಿಕ್ಕ ಕೋರ್ಸ್ ಶುರು ಮಾಡಿದರು. ಘನಾಕೃತಿಗಳನ್ನು ಕೈಯಲ್ಲಿ ಹಿಡಿದು, ಬೇರೆ ಬೇರೆ ಕಡೆಯಿಂದ ನೋಡಿ, ಕಾಗದದ ಮೇಲೆ ಬಿಡಿಸುವುದು. ಆ ಕೋರ್ಸ್ ಮಾಡಿದ ಹುಡುಗಿಯರಲ್ಲಿ ಎಂಜಿನಿಯರಿಂಗ್ ಬಿಡದೆ ಮುಂದುವರಿದವರು ಜಾಸ್ತಿ. ಪ್ರೌಢಶಾಲೆಯಲ್ಲಿ ಇದಕ್ಕೆ ಬೇಕಾಗುವುದು ಪೆನ್ಸಿಲ್, ಕಾಗದ, ಮರದ ಒಂದಿಷ್ಟು ಘನಗಳು. ರೋಬೋಟ್ ಕಿಟ್ ಬರುವವರೆಗೂ ಕಾಯಬೇಕಾಗಿಲ್ಲ.

ಸಮಯ ಯಾರದು?

ಚಟುವಟಿಕೆಗಳ ಬಗ್ಗೆ ನಡೆಯುವ ಚರ್ಚೆಯಲ್ಲಿ ಇದನ್ನು ಬಹಳ ಕಡಿಮೆ ಜನ ಎತ್ತುತ್ತಾರೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಯುನಿಸೆಫ್ 2016ರಲ್ಲಿ ಒಂದು ಲೆಕ್ಕ ಕೊಟ್ಟಿತು. ಜಗತ್ತಿನಲ್ಲಿ 5ರಿಂದ 14 ವರ್ಷದ ಹುಡುಗಿಯರು ಮನೆಗೆಲಸಕ್ಕೆ ಕೊಡುವ ಸಮಯ ಅದೇ ವಯಸ್ಸಿನ ಹುಡುಗರಿಗಿಂತ ಶೇ. 40ರಷ್ಟು ಹೆಚ್ಚು. ಎಲ್ಲರದ್ದೂ ಸೇರಿಸಿದರೆ ದಿನಕ್ಕೆ 16 ಕೋಟಿ ಗಂಟೆ ಹೆಚ್ಚು. ಈಗ ಶಾಲೆ ಬಿಟ್ಟ ಮೇಲೆ ನಡೆಯುವ ಕ್ಲಬ್ಬನ್ನು ನೆನೆಸಿಕೊಳ್ಳಿ. ಅದಕ್ಕೆ ಉಳಿಯುವವರು ಯಾರು? ಮನೆಯಲ್ಲಿ ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದವಳು ಉಳಿಯುವುದಿಲ್ಲ. ಒಬ್ಬಳೇ ಕತ್ತಲಲ್ಲಿ ನಡೆದು ಹೋಗಬೇಕಾದವಳು ಉಳಿಯುವುದಿಲ್ಲ. ಕೊನೆಯ ಬಸ್ ಹಿಡಿಯಬೇಕಾದವಳೂ ಉಳಿಯುವುದಿಲ್ಲ. ಆಸಕ್ತಿ ಇಲ್ಲ ಎಂದು ಹಾಜರಿ ಪುಸ್ತಕ ಹೇಳುತ್ತದೆ. ಆಸಕ್ತಿ ಇತ್ತು, ಸಮಯ ಇರಲಿಲ್ಲ.

ಇದಕ್ಕೆ ಪರಿಹಾರ ಒಂದೇ. ಮುಖ್ಯ ಚಟುವಟಿಕೆಗಳು ಶಾಲೆಯ ಹೊತ್ತಿನಲ್ಲೇ, ಟೈಮ್‌ಟೇಬಲ್ ಒಳಗೇ ನಡೆಯಬೇಕು. ವಾರಕ್ಕೆ ಎರಡು ಪೀರಿಯಡ್ ಒಟ್ಟಿಗೆ ಸಿಕ್ಕರೆ ಇನ್ನೂ ಒಳ್ಳೆಯದು, ಯಾಕೆಂದರೆ ಸಾಮಾನು ಹೊರಗೆ ತೆಗೆದು ಕೆಲಸ ಶುರುವಾಗುವಷ್ಟರಲ್ಲಿ ಒಂದು ಪೀರಿಯಡ್ ಮುಗಿದೇ ಹೋಗುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಆ ಪೀರಿಯಡ್‌ಗಳನ್ನು ಪಾಠಕ್ಕೆ ಕಿತ್ತುಕೊಳ್ಳುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ವರ್ಷದ ಆರಂಭದಲ್ಲೇ ಎಲ್ಲರೆದುರು ಹೇಳಿಬಿಡಬೇಕು. ಹೇಳದಿದ್ದರೆ ಕಿತ್ತುಕೊಳ್ಳುತ್ತಾರೆ. ಸಿಲಬಸ್ ಮುಗಿಸುವ ಒತ್ತಡ ಅಷ್ಟಿರುತ್ತದೆ, ಶಿಕ್ಷಕಿಯರನ್ನು ದೂರಿ ಪ್ರಯೋಜನವಿಲ್ಲ. ಕ್ಲಬ್ ನಡೆಸುವುದನ್ನು ಅವರ ಕೆಲಸದ ಗಂಟೆಗಳಲ್ಲೇ ಎಣಿಸಬೇಕು. ಒಬ್ಬ ಶಿಕ್ಷಕಿಯ ಒಳ್ಳೆಯತನದ ಮೇಲೆ ನಿಂತ ಚಟುವಟಿಕೆ ಅವರು ವರ್ಗವಾಗಿ ಹೋದ ದಿನ ನಿಲ್ಲುತ್ತದೆ.

ಆಟದ ಮೈದಾನ

ಓದಿನ ಚಟುವಟಿಕೆಗಿಂತ ಆಟದಲ್ಲಿ ಹುಡುಗಿಯರು ಜಾಸ್ತಿ ಕಳೆದುಕೊಳ್ಳುತ್ತಿದ್ದಾರೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರ ಸಂಶೋಧಕರು 146 ದೇಶಗಳ ಮಾಹಿತಿ ಸೇರಿಸಿ 2019ರಲ್ಲಿ ಪ್ರಕಟಿಸಿದಂತೆ, 2016ರಲ್ಲಿ 11ರಿಂದ 17 ವಯಸ್ಸಿನ ಹುಡುಗಿಯರಲ್ಲಿ ಶೇ. 85ರಷ್ಟು ಮಂದಿಗೆ ಅಷ್ಟು ಸಿಗುತ್ತಿರಲಿಲ್ಲ. ಹುಡುಗರಲ್ಲಿ ಇದು ಶೇ. 78.

ಹದಿಮೂರು ಹದಿನಾಲ್ಕಕ್ಕೆ ಬರುವಾಗ ಹುಡುಗಿಯರು ಮೈದಾನ ಬಿಡುತ್ತಾರೆ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಬಟ್ಟೆ ಬದಲಾಯಿಸಲು ಬಾಗಿಲಿರುವ ಕೋಣೆ ಇಲ್ಲ. ಮುಟ್ಟಿನ ದಿನಗಳಲ್ಲಿ ಬಳಸಲು ನೀರಿರುವ ಶೌಚಾಲಯ ಇಲ್ಲ. ಸಮವಸ್ತ್ರ ಓಡಲು ಆಗುವಂಥದ್ದಲ್ಲ. ತಂಡಕ್ಕೆ ಆಯ್ಕೆಯಾದ ಹನ್ನೊಂದು ಜನಕ್ಕೆ ಆಟ, ಉಳಿದವರಿಗೆ ಚಪ್ಪಾಳೆ. ಇವೆಲ್ಲ ಸರಿಪಡಿಸಬಹುದಾದ ಸಂಗತಿಗಳು. ಕ್ರೀಡಾ ಸಾಮಗ್ರಿ ಕೊಳ್ಳುವ ಮೊದಲು ಶೌಚಾಲಯದ ಬಾಗಿಲಿನ ಚಿಲಕ ಸರಿ ಮಾಡಿಸಿ ಎಂದು ನಾನಂತೂ ಹೇಳುತ್ತೇನೆ. ಸ್ಪರ್ಧೆ ಇಷ್ಟವಿಲ್ಲದವರಿಗೆ ನೃತ್ಯ, ಈಜು, ನಡಿಗೆ, ಆತ್ಮರಕ್ಷಣೆಯ ಕಲೆ ಯಾವುದಾದರೂ ಇರಲಿ. ಆಯ್ಕೆ ಅವರದ್ದಾಗಿರಲಿ.

ಸ್ಪರ್ಧೆ ಬೇಕೇ?

ಬೇಕು, ಆದರೆ ಅದೇ ಎಲ್ಲವೂ ಆಗಬಾರದು. ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ರೊಮೇನಿಯಾದಲ್ಲಿ ಶುರುವಾಯಿತು. ದಶಕಗಳು ಕಳೆದರೂ ಅದರಲ್ಲಿ ಹುಡುಗಿಯರ ಸಂಖ್ಯೆ ತೀರಾ ಕಡಿಮೆಯೇ. ಚೀನಾ 2002ರಲ್ಲಿ ಹುಡುಗಿಯರಿಗಾಗಿಯೇ ಒಂದು ಗಣಿತ ಒಲಿಂಪಿಯಾಡ್ ಆರಂಭಿಸಿತು. ಅದನ್ನು ನೋಡಿ 2012ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಯುರೋಪಿನ ಹುಡುಗಿಯರ ಒಲಿಂಪಿಯಾಡ್ ಶುರುವಾಯಿತು. ಇದಕ್ಕೆ ಪ್ರತಿ ದೇಶವೂ ನಾಲ್ವರು ಹುಡುಗಿಯರ ತಂಡ ಕಟ್ಟಬೇಕು. ತಂಡ ಕಟ್ಟಬೇಕಾದರೆ ಹುಡುಗಿಯರನ್ನು ಹುಡುಕಬೇಕು, ತರಬೇತಿ ಕೊಡಬೇಕು. ಮೊದಲು ಯಾರೂ ಹುಡುಕುತ್ತಿರಲಿಲ್ಲ. ಸ್ಪರ್ಧೆಯ ನಿಜವಾದ ಲಾಭ ಈ ಹುಡುಕಾಟ ಮತ್ತು ತರಬೇತಿ.

ಶಾಲೆಯೊಳಗೆ ಮಾತ್ರ ಸ್ಪರ್ಧೆಗಳು ಬೇರೆಯದೇ ಪರಿಣಾಮ ಮಾಡಬಹುದು. ಎಲ್ಲ ಚಟುವಟಿಕೆಯೂ ಬಹುಮಾನದಲ್ಲಿ ಮುಗಿದರೆ, ಪ್ರತಿವರ್ಷ ಅದೇ ಐದಾರು ಹುಡುಗಿಯರು ವೇದಿಕೆ ಹತ್ತುತ್ತಾರೆ. ವಿಜ್ಞಾನ ಮೇಳದಲ್ಲಿ ಥರ್ಮೋಕೋಲಿನ ಚೆಂದದ ಮಾದರಿಗೆ ಬಹುಮಾನ ಸಿಗುತ್ತದೆ. ಕೈಕೊಟ್ಟ ಪ್ರಯೋಗವನ್ನು ಪ್ರಾಮಾಣಿಕವಾಗಿ ಬರೆದಿಟ್ಟವಳತ್ತ ಯಾರೂ ತಿರುಗಿ ನೋಡುವುದಿಲ್ಲ. ತೀರ್ಪುಗಾರರು ಪ್ರತಿ ಹುಡುಗಿಗೂ ಒಂದೇ ಒಂದು ಪ್ರಶ್ನೆ ಕೇಳಿದರೂ ಸಾಕು: ಇದರಲ್ಲಿ ನೀನು ಅಂದುಕೊಂಡಂತೆ ಆಗದೇ ಇದ್ದದ್ದು ಯಾವುದು? ಮನೆಯವರು ಮಾಡಿಕೊಟ್ಟ ಮಾದರಿ ಹಿಡಿದು ಬಂದವಳು ಸುಮ್ನೆ ನಿಲ್ಲುತ್ತಾಳೆ. ತಾನೇ ಮಾಡಿದವಳು ಮಾತು ನಿಲ್ಲಿಸುವುದಿಲ್ಲ.

ಹುಡುಗಿಯರಿಗೆ ಹಗುರ ಮಾಡಿ ಕೊಡುವ ಅಭ್ಯಾಸವೂ ಬೇಡ. ಸಂಗೀತ ಸಂಯೋಜಕ ಗುಸ್ತಾವ್ ಹೋಲ್ಸ್ಟ್ 1905ರಿಂದ 1934ರಲ್ಲಿ ತೀರಿಹೋಗುವವರೆಗೂ ಲಂಡನ್ನಿನ ಸೇಂಟ್ ಪಾಲ್ಸ್ ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತ ಕಲಿಸಿದರು. ಆ ಶಾಲೆಯ ಹುಡುಗಿಯರ ವಾದ್ಯವೃಂದಕ್ಕೆಂದೇ ಅವರು ಬರೆದ ಕೃತಿಯನ್ನು ಇಂದಿಗೂ ವೃತ್ತಿಪರ ವಾದ್ಯವೃಂದಗಳು ನುಡಿಸುತ್ತವೆ. ಮಕ್ಕಳಿಗಲ್ವಾ, ಇಷ್ಟು ಸಾಕು ಎಂದು ಅವರು ಬರೆಯಲಿಲ್ಲ. 1930ರ ದಶಕದಲ್ಲಿ ಅದೇ ಶಾಲೆಯಲ್ಲಿ ಓದಿದವರು ರೊಸಾಲಿಂಡ್ ಫ್ರ್ಯಾಂಕ್ಲಿನ್. ಮುಂದೆ ಡಿಎನ್ಎ ರಚನೆ ಗೊತ್ತಾಗಲು ಅವರ ಎಕ್ಸ್-ರೇ ಚಿತ್ರಗಳು ದಾರಿಯಾದವು. ವಿಜ್ಞಾನ, ಭಾಷೆ, ಆಟ ಎಲ್ಲದರಲ್ಲೂ ಮುಂದಿದ್ದ ಅವರಿಗೆ ಸಂಗೀತ ಮಾತ್ರ ಬರುತ್ತಿರಲಿಲ್ಲ. ಆದರೆ ಭೌತವಿಜ್ಞಾನ, ರಸಾಯನವಿಜ್ಞಾನಗಳನ್ನು ಹುಡುಗಿಯರಿಗೆ ಸರಿಯಾಗಿ ಕಲಿಸುತ್ತಿದ್ದ ಆಗಿನ ಕೆಲವೇ ಶಾಲೆಗಳಲ್ಲಿ ಅದೂ ಒಂದು. ಒಳ್ಳೆಯ ಸಂಗೀತವೂ ಒಳ್ಳೆಯ ಲ್ಯಾಬೂ ಒಂದೇ ಸೂರಿನಡಿ ಇದ್ದದ್ದರಿಂದ ಅವರವರ ದಾರಿ ಅವರವರಿಗೆ ಸಿಕ್ಕಿತು.

ಬಿಡಬೇಕು ಅಂದಾಗ

ಪೋಷಕರಿಂದ ಪದೇ ಪದೇ ಬರುವ ಪ್ರಶ್ನೆ ಇದು: ಮಗಳು ಸೇರಿದ ಕ್ಲಬ್ಬನ್ನು ಎರಡೇ ತಿಂಗಳಲ್ಲಿ ಬಿಡುತ್ತೇನೆ ಅನ್ನುತ್ತಿದ್ದಾಳೆ, ಬಿಡಿಸಬೇಕೇ?

ಮೊದಲು ಅವಳು ಯಾವ ಮೆಟ್ಟಿಲಿನಲ್ಲಿದ್ದಾಳೆ ನೋಡಿ. ಪರಿಚಯದ ಹಂತದಲ್ಲಿ ಬಿಡುವುದು ತಪ್ಪಲ್ಲ. ರುಚಿ ನೋಡಿದಳು, ಹಿಡಿಸಲಿಲ್ಲ. ಮುಂದಿನದಕ್ಕೆ ಹೋಗಲಿ. ಎರಡನೇ ಹಂತದಲ್ಲಿ ಬೇಸರ ಬರುವುದು ಸಹಜ. ಒಂದೇ ಸ್ವರವನ್ನು ನೂರು ಸಲ ನುಡಿಸುವಾಗ, ಒಂದೇ ಅಳತೆಯನ್ನು ಮತ್ತೆ ಮತ್ತೆ ತೆಗೆಯುವಾಗ ಯಾರಿಗೂ ಖುಷಿ ಇರುವುದಿಲ್ಲ. ಇಲ್ಲಿ ಸ್ವಲ್ಪ ಕಾಲ ಹಿಡಿದಿಡುವುದು ಒಳ್ಳೆಯದು. ಎಡಿನ್‌ಬರೋ ಡ್ಯೂಕ್ ಹೆಸರಿನಲ್ಲಿ 1956ರಲ್ಲಿ ಬ್ರಿಟನ್ನಿನ ಹುಡುಗರಿಗೂ 1958ರಲ್ಲಿ ಹುಡುಗಿಯರಿಗೂ ಶುರುವಾಗಿ ಈಗ ಬಹಳಷ್ಟು ದೇಶಗಳಲ್ಲಿರುವ ಪ್ರಶಸ್ತಿ ಯೋಜನೆಯಲ್ಲಿ, ಕಂಚಿನ ಹಂತಕ್ಕೇ ಕನಿಷ್ಠ ಆರು ತಿಂಗಳು ಬೇಕು. ಇನ್ನೊಬ್ಬರ ಜೊತೆ ಹೋಲಿಕೆ ಇಲ್ಲ, ತಾನು ಇಟ್ಟುಕೊಂಡ ಗುರಿಯನ್ನು ತಾನು ಮುಟ್ಟಬೇಕು ಅಷ್ಟೆ. ಬೇಸರ ಬಂದು, ಅದನ್ನು ದಾಟಿ, ಕೈ ಪಳಗುವುದಕ್ಕೆ ಅಷ್ಟು ಕಾಲ ಹಿಡಿಯುತ್ತದೆ.

ಮೂರನೇ ಹಂತಕ್ಕೆ ಬಂದವಳು ಬಿಡುತ್ತೇನೆ ಅಂದರೆ ಕಾರಣ ಬಹುಪಾಲು ಬೇರೆಯೇ ಇರುತ್ತದೆ. ಗುಂಪಿನಲ್ಲಿ ಜಗಳ ಆಗಿರಬಹುದು. ಅವಳ ಕೆಲಸವನ್ನು ದೊಡ್ಡವರು ಕೈಗೆತ್ತಿಕೊಂಡಿರಬಹುದು. ಮನೆಯಲ್ಲಿ ಕೆಲಸ ಹೆಚ್ಚಾಗಿರಬಹುದು. ಯಾರೋ ಏನೋ ಅಂದಿರಬಹುದು. ಆಗ ಬಿಡಿಸುವುದೋ ಬೇಡವೋ ಎಂದು ಯೋಚಿಸುವ ಮೊದಲು ಅವಳನ್ನೇ, ಶಾಲೆಯಲ್ಲಿ ಅಲ್ಲ, ಮನೆಯಲ್ಲಿ, ಬೇರೆ ಯಾರೂ ಇಲ್ಲದಾಗ ಕೇಳಿ. ಅವಳು ಹೇಳಿದ ಕಾರಣ ಸರಿಪಡಿಸಬಹುದಾದದ್ದು ಆಗಿದ್ದರೆ, ಅವಳ ಒಪ್ಪಿಗೆ ಪಡೆದು ಶಿಕ್ಷಕಿಯ ಜೊತೆ ಮಾತಾಡಿ.